ವಿದ್ಯಾಧೀಶನ ಎಸ್‌ಎಸ್‌ಡಿಯೂ ದ್ವಾದಶಿಯ ಮಿಕ್ಸಿಯೂ

ಮುಳಬಾಗಿಲಿನಲ್ಲಿ ಮೊದಲು ಎಸ್‌ಎಸ್‌ಡಿ ಎಂಬ ಹೊಸ ನಮೂನೆಯ ಕಂಪ್ಯೂಟರ್ ಡ್ರೈವ್ ಕೊಂಡವನು ತಾನೇ ಎಂದು ವಿದ್ಯಾಧೀಶ ಹೇಳಿಕೊಳ್ಳುತ್ತಿದ್ದ. ಎರಡನೆಯವನು ಯಾರೂ ಇರಲಿಲ್ಲವಾದ್ದರಿಂದ ನಾವು ವಾದಕ್ಕೆ ಹೋಗಲಿಲ್ಲ. ಇದು 2009ರ ಮಾತು. ಮನೆಯ ಮುಂದಿನ ಕೋಣೆಯಲ್ಲೇ ಅವನ ಡಿಟಿಪಿ ಅಂಗಡಿ, ಪಕ್ಕದಲ್ಲಿ ನನ್ನ ಜೆರಾಕ್ಸ್ ಅಂಗಡಿ. ನಲವತ್ತೈದು ದಾಟಿದ ಈ ಬ್ರಹ್ಮಚಾರಿಗೆ ಸಂಸಾರ ಅಂತ ಇದ್ದದ್ದು ತಾಯಿ ಸುಂದರಾಬಾಯಿ ಮತ್ತು ಕಂಪ್ಯೂಟರು. ಯಾರನ್ನು ಹೆಚ್ಚು ಜೋಪಾನ ಮಾಡುತ್ತಿದ್ದನೆಂದು ನನ್ನ ಬಾಯಿಂದ ಹೇಳಿಸಬೇಡಿ.

ಆ ಡ್ರೈವ್ ಕೈಗೆ ಬಂದ ದಿನದಿಂದ ಅವನಿಗೆ ಅದರ ಸಾವಿನದೇ ಚಿಂತೆ. "ಇದರೊಳಗೆ ಒಂದೊಂದು ಜಾಗದಲ್ಲೂ ಇಷ್ಟೇ ಸಲ ಬರೀಬಹುದು ಕಣೋ ನಾಗರಾಜ. ಚೂರುಚೂರು ಬರೀತಾ ಇದ್ರೆ ಬೇಗ ಸವೆದೋಗುತ್ತೆ, ಕೆಲಸಾನೂ ನಿಧಾನ" ಎಂದ. ಅದಕ್ಕೆ ಕ್ಯಾಶ್ ಎಂಬ ಉಪಾಯ ಮಾಡಿದ, ದುಡ್ಡಿನ ಕ್ಯಾಶ್ ಅಲ್ಲ. ಟೈಪ್ ಮಾಡಿದ್ದೆಲ್ಲ ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಕೂತಿದ್ದು, ಆಮೇಲೆ ಒಟ್ಟಿಗೆ ಡ್ರೈವಿಗೆ ಇಳಿಯುತ್ತಿತ್ತು. ಕೆಲಸ ನಿಜಕ್ಕೂ ಚುರುಕಾಯಿತು. ಐದೈದು ನಿಮಿಷಕ್ಕೆ ಇಳಿಸಿದ್ದರೆ ಸಾಕಿತ್ತು. ಈ ಮಹಾನುಭಾವ ದಿನಕ್ಕೊಂದೇ ಸಲ, ಬೆಳಿಗ್ಗೆ ಎಂಟಕ್ಕೆ ಎಂದು ಇಟ್ಟುಕೊಂಡ.

"ಕರೆಂಟ್ ಹೋದ್ರೆ ರ‍್ಯಾಮ್‌ನಲ್ಲಿರೋದೆಲ್ಲ ಹೋಗಲ್ವೇನೋ?" ಅಂದೆ.

"ಯುಪಿಎಸ್ ಮತ್ಯಾಕಿದೆ?" ಅಂದ.

ಸುಂದರಾಬಾಯಿಯವರಿಗೆ ನೂರಾರು ದೇವರ ಹಾಡು ಬಾಯಲ್ಲೇ ಇದ್ದವು, ಒಂದೂ ಬರಹದಲ್ಲಿ ಇರಲಿಲ್ಲ. ಆ ವರ್ಷ ಅವರಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲೆ ಹಾಲಿಟ್ಟು ನನ್ನ ಅಂಗಡಿಯಲ್ಲಿ ಬಂದು ಕೂರುವರು. ಹಾಡುಗಳೂ ಹೋಗುವ ಮುಂಚೆ ಬರೆದುಕೊಳ್ಳಬೇಕೆಂದು ಮಗ ಹೊರಟಿದ್ದು ಒಳ್ಳೆಯ ಕೆಲಸವೇ. ಒಂದು ಏಕಾದಶಿಯಂದು, ಉಪವಾಸ, ಅಡುಗೆಯ ಗೋಜಿಲ್ಲ, ತಾಯಿ ಹನ್ನೊಂದು ಹಾಡು ಹೇಳಿದರು, ಮಗ ಟೈಪ್ ಮಾಡಿದ. ಕೊನೆಯದು ಆಕೆಯ ತಾಯಿ ಆವನಿ ಊರಿನ ಮನೆಯಲ್ಲಿ ಹೇಳುತ್ತಿದ್ದ ಮೂರು ನುಡಿಯ ಹಾಡು. ಅದನ್ನು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ವಿದ್ಯಾಧೀಶ ಸೇವ್ ಒತ್ತಿ ಕಂಪ್ಯೂಟರನ್ನು ಹಾಗೇ ಬಿಟ್ಟು ಎದ್ದ. ಸೇವ್ ಆದದ್ದೂ ರ‍್ಯಾಮ್‌ನಲ್ಲೇ.

ಮರುದಿನ ದ್ವಾದಶಿ. ಬೆಳಿಗ್ಗೆ ಆರೂವರೆಯೊಳಗೆ ಉಪವಾಸ ಮುರಿಯುವ ಪಾರಣೆ ಮುಗಿಯಬೇಕು. ನೆಲ್ಲಿಕಾಯಿ ತಂಬುಳಿ ಇಲ್ಲದೆ ಆ ಮನೆಯಲ್ಲಿ ದ್ವಾದಶಿ ಇಲ್ಲ. ಆರಕ್ಕೆ ಕರೆಂಟ್ ಹೋಯಿತು. ಒರಳಲ್ಲಿ ರುಬ್ಬಲು ಸುಂದರಾಬಾಯಿಯವರ ತೋಳಿಗೆ ಶಕ್ತಿಯಿಲ್ಲ. ಊರಿಗೆಲ್ಲ ಕರೆಂಟ್ ಇಲ್ಲದಾಗಲೂ ಮಗನ ಪೆಟ್ಟಿಗೆಯಲ್ಲಿ ಇರುತ್ತದೆಂದು ಆಕೆಗೆ ಗೊತ್ತಿತ್ತು. ಮಿಕ್ಸಿ ಎತ್ತಿಕೊಂಡು ಬಂದು ಯುಪಿಎಸ್‌ಗೆ ಸಿಕ್ಕಿಸಿದರು. ಮಿಕ್ಸಿ ಒಮ್ಮೆ ಗುರ್ರೆಂದಿತು, ಯುಪಿಎಸ್ ಕಿರುಚಿ ಸತ್ತಿತು, ಜೊತೆಗೆ ಕಂಪ್ಯೂಟರೂ. ಅವನು ಬಚ್ಚಲಿಂದ ಒದ್ದೆ ಪಂಚೆಯಲ್ಲೇ ಓಡಿಬಂದು "ಅಮ್ಮಾ!" ಎಂದು ಕೂಗಿದ್ದು ನಮ್ಮ ಮನೆಗೂ ಕೇಳಿಸಿತು.

ಗಾಬರಿಯಾಗಿ ಓಡಿದೆ. ನಿನ್ನೆಯ ಹಾಡೆಲ್ಲ ಹೋಯಿತೆಂದು ಅವನು ಹಲುಬುತ್ತಿದ್ದ. "ಅಷ್ಟಕ್ಕೆ ಯಾಕೋ ಹಂಗೆ ಕೂಗ್ತೀಯ? ಮತ್ತೆ ಹೇಳ್ತೀನಿ, ಬರ್ಕೊ" ಎಂದರು ತಾಯಿ. ಪಾರಣೆಯಾಗಿ ಕರೆಂಟ್ ಬಂದ ಮೇಲೆ ಹೇಳಿದರು, ಮಗ ಮತ್ತೆ ಟೈಪ್ ಮಾಡಿದ. ಹತ್ತು ಹಾಡು ಬಂದವು. ಹನ್ನೊಂದನೆಯದರಲ್ಲಿ ಎರಡು ನುಡಿ ಬಂದವು, ಮೂರನೆಯದಕ್ಕೆ ನಿಂತರು. ಮತ್ತೆ ಮೊದಲಿಂದ ಹೇಳಿದರು, ಮತ್ತೆ ಅಲ್ಲೇ ನಿಂತರು.

"ನಿನ್ನೆ ನೀನೇ ಬರ್ಕೊಂಡ್ಯಲ್ಲೋ. ನೀನೇ ಎತ್ಕೊಡು."

ಪ್ರತಿ ಅಕ್ಷರವನ್ನೂ ಒತ್ತಿದ್ದು ವಿದ್ಯಾಧೀಶನ ಬೆರಳೇ, ತಲೆಯಲ್ಲಿ ಒಂದು ಪದವೂ ಉಳಿದಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಅವನನ್ನು ಮಿಕ್ಸಿಗೆ ಹಾಕಬೇಕು ಅನ್ನಿಸಿತು.

ಸುಂದರಾಬಾಯಿ ಬೈಯಲಿಲ್ಲ. ಕೀಬೋರ್ಡನ್ನು ಅತ್ತ ಸರಿಸಿ, "ಇದು ಬೇಡ. ನನ್ನ ಹಿಂದೆ ಹೇಳು" ಎಂದರು. ಎಮ್ಮೆ ಅರಚಿದಂಥ ಗಂಟಲಲ್ಲಿ ಅವನು ಒಂದೊಂದು ಸಾಲೂ ಹೇಳಿದ. ಮೂರನೇ ನುಡಿ ಬಂದಾಗ ತಾಯಿ ನಿಲ್ಲಿಸಲಿಲ್ಲ. ಮಾತಿಲ್ಲದೆ ಬರೀ ರಾಗ ಎಳೆದರು, ಮಗನೂ ಹಿಂದೆಯೇ ಎಳೆದ.