ಕವರಿನ ತೂಕ

ಮುತ್ತಂಗದ ಚೆಕ್‌ಪೋಸ್ಟಿಗೆ ಸ್ವಲ್ಪ ಮೊದಲು, ಹೆದ್ದಾರಿಯ ಎಡಕ್ಕೆ ಸುಮತಿಯ ಚಿಪ್ಸ್ ಅಂಗಡಿ. ಮುಂದೆ ವ್ಯಾಪಾರ, ಹಿಂದೆ ಒಲೆ. ಮೈಸೂರಿನ ಕಡೆಗೆ ಹೋಗುವ ಕಾರುಗಳು ಕಾಡು ಹೊಗುವ ಮುನ್ನ ಅಲ್ಲಿ ನಿಂತು, ನೇಂದ್ರ ಬಾಳೆಕಾಯಿ ಚಿಪ್ಸಿನ ಒಂದೆರಡು ಪ್ಯಾಕೆಟ್ ಕೊಂಡೇ ಮುಂದೆ ಸಾಗುವುದು. ಕಾದ ತೆಂಗಿನೆಣ್ಣೆಗೆ ಉಪ್ಪುನೀರು ಚಿಮುಕಿಸುವ ಹದ ಅವಳಿಗೆ ಅತ್ತೆಯಿಂದ ಬಂದದ್ದು, ಹಟ ತವರಿನಿಂದ ಬಂದದ್ದು.

ಜೈನರ ಮನೆ. ನೀರು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸುಮತಿ ಇನ್ನೂ ಒಂದು ಹೆಜ್ಜೆ ಮುಂದೆ. ಸಂಜೆಯಾದರೆ ಬಾಣಲೆಯನ್ನೇ ಇಳಿಸಿಬಿಡುತ್ತಾಳೆ, ದೀಪಕ್ಕೆ ಬಂದ ಹುಳ ಎಣ್ಣೆಗೆ ಬೀಳುತ್ತದೆಂದು. ಓಣಂ ಹತ್ತಿರ ಬಂದು ಜಿಲ್ಲೆಗೆ ಜಿಲ್ಲೆಯೇ ಚಿಪ್ಸ್ ಚಿಪ್ಸ್ ಎಂದು ಬಾಯಿಬಿಡುವಾಗಲೂ ಅಷ್ಟೇ.

"ನಿನ್ನ ಹುಳಕ್ಕಿರೋ ಮರ್ಯಾದೆ ಈ ಮನೇಲಿ ನನಗಿಲ್ಲ" ಎಂದು ಗಂಡ ಪದ್ಮರಾಜ ಗೊಣಗುತ್ತಾನೆ.

"ಹುಳ ಎದುರು ಮಾತಾಡಲ್ಲ" ಅನ್ನುವುದು ಅವಳ ಉತ್ತರ.

ತನ್ನ ಕೈಯಿಂದ ಯಾವ ಜೀವಕ್ಕೂ ತಿಳಿದೂ ತಿಳಿದೂ ನೋವಾಗಿಲ್ಲ ಎನ್ನುವುದು ಅವಳ ಹೆಮ್ಮೆ, ಅವಳ ಆಸ್ತಿ. ಆ ಆಸ್ತಿಗೇ ಕನ್ನ ಬಿದ್ದದ್ದು ಒಂದು ಸರ್ಕಾರಿ ಪ್ರಶ್ನೆಯಿಂದ.

ಪ್ಲಾಸ್ಟಿಕ್ ಕವರಿನಲ್ಲಿ ಸರಕು ತುಂಬಿ ಮಾರುವವರು ಎಷ್ಟು ಕವರು ಹೊರಗೆ ಬಿಟ್ಟೆವೆಂದು ಲೆಕ್ಕ ಒಪ್ಪಿಸಬೇಕಂತೆ. ಸುಮತಿಯ ಕಿವಿಗೆ ಬೀಳುವ ಹೊತ್ತಿಗೆ ಆ ನಿಯಮ ವರ್ಷಕ್ಕೊಂದು ವೇಷ ಹಾಕುತ್ತಿತ್ತು. ಒಮ್ಮೆ ಸಣ್ಣವರಿಗೆ ಬೇಡ ಅಂದರು. ಇನ್ನೊಮ್ಮೆ, ನೀವು ಸಣ್ಣವರೆಂದು ಮೊದಲು ತೋರಿಸಿ ಅಂದರು. ಅವಳಿಗೆ ಈ ಸುದ್ದಿ ಮುಟ್ಟಿಸುವವನು ಬತ್ತೇರಿಯ ಸಗಟು ವ್ಯಾಪಾರಿ ಬಿಜು. ಓಣಂ ಸರಕೆಲ್ಲ ಕೊಳ್ಳುವವನೂ ಅವನೇ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಕಲಿತ ಕನ್ನಡ ಅವನದು; ಅಕ್ಕ ಎನ್ನಲು ಮಾತ್ರ ಮಲಯಾಳದ 'ಚೇಚಿ'ಯೇ ಬಾಯಿಗೆ ಬರುವುದು.

ಹೋದ ವರ್ಷ ಅವನು, "ಚೇಚಿ, ಒಂದು ಕವರ್ ಎಷ್ಟು ತೂಕ?" ಎಂದು ಕೇಳಿದ್ದ. ಸುಮತಿ ಚಿಪ್ಸ್ ತೂಗುವ ಯಂತ್ರದ ಮೇಲೆ ಒಂದು ಖಾಲಿ ಕವರಿಟ್ಟಳು. ಕೆಂಪು ಅಂಕಿ ಅಲ್ಲಾಡಲಿಲ್ಲ. ಕಂಡದ್ದನ್ನೇ ಹೇಳಿದಳು: ಸೊನ್ನೆ. ಬಿಜು ನಕ್ಕು ಸೊನ್ನೆಯನ್ನೇ ಬರೆದುಕೊಂಡು ಹೋದ. ಅದು ನಡೆದೂ ಹೋಯಿತು.

ಈ ಸಲ ಬಂದವನು ತಲೆಯಾಡಿಸಿದ. "ಸೊನ್ನೆ ಇನ್ನು ನಡೆಯೂಲ ಚೇಚಿ. ವರ್ಷಕ್ಕೆ ಟೋಟಲ್ ಎಷ್ಟು ಕಿಲೋ ಅಂತ ಕೇಳ್ತಾರೆ. ಅದಿಲ್ಲದೆ ನಾನು ನಿಮ್ಮ ಸರಕು ಎಡ್ಕೊಳ್ಳೋಕೆ ಆಗಲ್ಲ."

ವರ್ಷಕ್ಕಾಗುವಷ್ಟು ಖಾಲಿ ಕವರು ಒಮ್ಮೆಗೇ ತರಿಸುವುದು ಸುಮತಿಯ ರೂಢಿ. ಮೂಟೆಗಳು ಆಗಷ್ಟೇ ಬಂದಿದ್ದವು. ಅವನ್ನು ಹಿತ್ತಲಿನಲ್ಲಿ ತೊಲೆಗೆ ತೂಗುಬಿಟ್ಟಿದ್ದ, ಬಾಳೆಗೊನೆ ತೂಗುವ ಹಳೆಯ ತಕ್ಕಡಿಗೆ ಏರಿಸಿದ್ದಾಯಿತು. ತೂಕದ ಬೊಟ್ಟುಗಳೆಲ್ಲ ಮುಗಿದರೂ ಮೂಟೆಯ ತಟ್ಟೆ ಮೇಲೇಳಲಿಲ್ಲ. ಬಾಳೆಕಾಯಿ ಸುಲಿಯುತ್ತಿದ್ದ ಚಿಕ್ಕಿಗೆ ನಗು. ಅವಳು ಕಾಡಂಚಿನ ಗಿರಿಜನರ ಹಾಡಿಯವಳು, ಸುಮತಿಯ ಜೊತೆ ಒಲೆಯ ಮುಂದೆ ತಲೆ ನರೆಸಿಕೊಂಡವಳು.

"ಬೊಟ್ಟು ತೆಗ್ದು ನೀವೇ ಕೂತ್ಕಳಿ ಅಕ್ಕಾ, ತುಲಾಭಾರ ಆಗ್ಲಿ."

ಸುಮತಿಯೂ ನಗುತ್ತಲೇ ಸೆರಗು ಸಿಕ್ಕಿಸಿ ಕೂತಳು. ಮೂಟೆಯ ತಟ್ಟೆ ನೆಲ ಬಿಡಲಿಲ್ಲ. ಅವಳ ನಗು ನಿಂತಿತು. ಹನಿಗೂಡಿದರೆ ಹಳ್ಳ ಎಂದು ಮಕ್ಕಳಿಗೆ ಹೇಳಿಕೊಟ್ಟವಳೇ ಅವಳು. ಸೊನ್ನೆಗಳು ಕೂಡಿದರೆ ಏನಾಗುತ್ತದೆಂದು ಮಾತ್ರ ಯೋಚಿಸಿರಲಿಲ್ಲ.

"ಇಷ್ಟೂ ಎಲ್ಲಿ ಹೋಗ್ತದೆ ಚಿಕ್ಕಿ?"

"ಎಲ್ಲಿಗೆ ಹೋಗಾದು? ಕಾರಿನೋರು ತಿಂದು ನಮ್ಮ ಕಾಡಿಗೆ ಬಿಸಾಕ್ತಾರೆ. ಉಪ್ಪಿನ ವಾಸ್ನೆಗೆ ಮಾನು ಬತ್ತದೆ, ನೀವು ಜಿಂಕೆ ಅನ್ನಾದು. ನೆಕ್ಕಿ ನೆಕ್ಕಿ ಕವರೂ ನುಂಗ್ತದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಎಲ್ಲಾರ್ದೂ ಉಂಟಲ್ಲಾ ಅಲ್ಲಿ. ನಿಮ್ದು ಅಂತ ಹೇಂಗೆ ಹೇಳಾದು? ಹುಳಕ್ಕೇ ಒಲೆ ಆರಿಸೋರು ನೀವು. ಮನ್ಸು ಕೆಡ್ತದೆ ಅಂತ."

ಅಂದು ಸಂಜೆ ಬಿಸಿಲು ಇನ್ನೂ ಇತ್ತು, ಊಟಕ್ಕೆ ಹೊತ್ತಿತ್ತು. ಸುಮತಿ ಉಣ್ಣಲಿಲ್ಲ. ದೀಪದ ಹುಳಗಳನ್ನೆಲ್ಲ ಉಳಿಸಿ, ವರ್ಷಕ್ಕೊಂದು ಸುಮತಿಯನ್ನು ಜಿಂಕೆಗಳ ಬಾಯಿಗೆ ಎಸೆದಿದ್ದೆನಲ್ಲ ಎಂದುಕೊಂಡಳು.

ಮೂಟೆಗಳನ್ನು ಒಂದೊಂದಾಗಿ ತೂಗಿ ಕೂಡಿಸಿದ ತೂಕ ಕೇಳಿ ಬಿಜು ಸಮಾಧಾನ ಹೇಳಿದ. "ಪೇಡಿಕ್ಕಬೇಡಿ, ಹೆದರಬೇಡಿ. ಎಲ್ಲೋ ಯಾರೋ ಅಷ್ಟೇ ಪ್ಲಾಸ್ಟಿಕ್ ಕೂಡಿಸಿ ಕರಗಿಸಿರ್ತಾರೆ. ಅವರ ಸರ್ಟಿಫಿಕೇಟ್ ತಗೊಂಡ್ರೆ ನಮ್ಮ ಲೆಕ್ಕ ಕ್ಲಿಯರ್."

"ಅಂದ್ರೆ ಪಾಪ ನಾನು ಮಾಡೋದು, ಉಪವಾಸ ಇನ್ಯಾರೋ ಮಾಡೋದು?"

"ಕಾನೂನಿಗೆ ಅದು ಸಾಕು ಚೇಚಿ."

"ಕಾನೂನಿಗೆ ಸಾಕು. ಜಿಂಕೆಗೆ ಸಾಕಾ?"

ಬಿಜು ಲೆಕ್ಕದ ಪುಸ್ತಕ ತೆರೆದ. ಅವನದೇನೂ ತಪ್ಪಿಲ್ಲ. ಸುಮತಿ ಪೂರ್ತಿ ತೂಕವನ್ನೇ ಬರೆಸಿದಳು. ಬತ್ತೇರಿಗೆ ಹೋಗುವ ಪ್ಯಾಕೆಟ್ಟು ಮನೆಗಳನ್ನು ಸೇರುತ್ತದೆ, ಖಾಲಿ ಕವರನ್ನು ಮನೆಮನೆಯ ಕಸ ಕೂಡಿಸುವ ಹರಿತ ಕರ್ಮ ಸೇನೆಯ ಹೆಂಗಸರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಕಾಡಿನ ದಾರಿಯದ್ದಕ್ಕೆ ಮಾತ್ರ ಯಾರೂ ದಿಕ್ಕಿಲ್ಲ. ಹಾಗಾಗಿ ತನ್ನ ಅಂಗಡಿಯಲ್ಲಿ ಕವರೇ ಕೊಡುವುದಿಲ್ಲ ಎಂದುಬಿಟ್ಟಳು. ಸ್ಟೀಲ್ ತಟ್ಟೆಯಲ್ಲಿ ಚಿಪ್ಸು. ಕೂತು ತಿಂದು ಹೋಗಬೇಕು. ಇಲ್ಲ, ಡಬ್ಬ ತರಬೇಕು.

"ಅಂಗಡಿಗೆ ಬೀಗ ಹಾಕೋ ಉಪಾಯ ಚೆನ್ನಾಗಿದೆ" ಅಂದ ಪದ್ಮರಾಜ. ಅವನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ರಾತ್ರಿಗೆ ಚೆಕ್‌ಪೋಸ್ಟಿನ ಗೇಟು ಮುಚ್ಚುವ ಮೊದಲು ಕಾಡು ದಾಟುವ ಅವಸರದವರು ಸಿಡುಕಿ ಪಕ್ಕದ ಬಾಲಕೃಷ್ಣನ್ ಅಂಗಡಿಗೆ ಹೋದರು. ಅಲ್ಲಿ ಕವರು ಧಾರಾಳ. ಖಾಲಿ ಬೆಂಚು ನೋಡುವಾಗ ಸುಮತಿಗೆ ಉರಿಯುತ್ತಿತ್ತು. ಹಟಕ್ಕೆ ಬಿದ್ದು ಕೆಟ್ಟೆನೇ ಎಂದು ಅನ್ನಿಸದೆಯೂ ಇರಲಿಲ್ಲ. ಕೂತವರು ಮಾತ್ರ ಚಹಾ ಕೇಳಿದರು, ಎರಡನೇ ತಟ್ಟೆ ಕೇಳಿದರು. ಅಂಗಡಿ ಕುಂಟುತ್ತ ನಡೆಯಿತು.

ಮುಂದಿನ ಓಣಂ ಬಂತು. ಬತ್ತೇರಿಗೆಂದು ತರಿಸಿದ ಹೊಸ ಕವರುಗಳನ್ನು ಅದೇ ತಕ್ಕಡಿಗೆ ಹಾಕಿ ಸುಮತಿ ಎದುರು ಕೂತಳು. ಅವಳ ತಟ್ಟೆ ಧೊಪ್ಪನೆ ನೆಲಕ್ಕಿಳಿಯಿತು. ಚಿಕ್ಕಿ ಕೈ ತಟ್ಟಿದಳು. ಸುಮತಿ ಇಳಿದು, ಚಿಕ್ಕಿಯ ಪುಟ್ಟ ಮೊಮ್ಮಗಳು ಚೀರುವನ್ನು ಎತ್ತಿ ಕೂರಿಸಿದಳು. ತಟ್ಟೆಗಳು ಸಮವಾದವು.

ಬಿಜುವಿನ ಫೋನು ಬಂತು. ತೂಕ ಕೇಳಿ, ಅಷ್ಟೇನಾ ಎಂದು ಅವನಿಗೆ ಖುಷಿಯೋ ಖುಷಿ. "ಇಷ್ಟಕ್ಕೆ ಯಾರು ನೋಡ್ತಾರೆ ಚೇಚಿ? ಸೊನ್ನೆ ಅಂತಲೇ ಹಾಕ್ತೀನಿ."

ಸುಮತಿ ಮಗುವನ್ನು ತಕ್ಕಡಿಯಿಂದ ಎತ್ತಿಕೊಂಡಿದ್ದಳು.

"ಸೊನ್ನೆ ಹಾಕ್ಬೇಡ ಬಿಜು" ಅಂದಳು. "ಸೊಂಟದ ಮೇಲೆ ಕೂತಿದೆ. ಭಾರ ಗೊತ್ತಾಗ್ತಾ ಉಂಟು."