ಗಡ್ಡೆಯ ಗುಮಾನಿ

ಕುಪ್ಪಸದ ಕೊಕ್ಕೆ ಸಿಕ್ಕಿಸುತ್ತಿದ್ದ ಒಂದು ಬೆಳಿಗ್ಗೆ ಎಡಮೊಲೆಯಲ್ಲಿ ಗೋಲಿಯಷ್ಟು ಗಟ್ಟಿಯಾದದ್ದೇನೋ ಬೆರಳಿಗೆ ತಗುಲಿತು. ನೋವಿರಲಿಲ್ಲ, ನೋವಿದ್ದಿದ್ದರೆ ಅದು ನನ್ನದೇ ಎನ್ನಿಸುತ್ತಿತ್ತೇನೋ. ಮೇಲಿನ ಚರ್ಮ ಮಾತ್ರ, ಒಳಗಿನಿಂದ ಯಾರೋ ಎಳೆದು ಹಿಡಿದಂತೆ, ಕುಳಿಬಿದ್ದಿತ್ತು.

ಅದು ಎಪ್ಪತ್ತರ ದಶಕದ ಆರಂಭ. ಯಜಮಾನರು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಿಂದ ಧಾರವಾಡ ಬಿಟ್ಟು ನಾಶಿಕದಲ್ಲಿದ್ದೆವು. ಅಲ್ಲಿಯ ಡಾಕ್ಟರು ಮುಟ್ಟಿ ನೋಡಿ, ನನ್ನತ್ತ ತಿರುಗದೆ, ಔರಂಗಾಬಾದಿನ ಆಸ್ಪತ್ರೆಗೆ ಬರೆದ ಚೀಟಿಯನ್ನು ಯಜಮಾನರ ಕೈಗಿಟ್ಟರು. ಆ ಊರಿನ ಸರ್ಜನ್ ಕಲಬುರಗಿ ಕಡೆಯವರು.

"ಕೊಯ್ದು ನೋಡ್ತೀನಿ ತಾಯಿ. ಕ್ಯಾನ್ಸರ್ ಅಂತ ಕಂಡ್ರ ಅಲ್ಲೇ ಪೂರಾ ತೆಗೀಬೇಕಾಗ್ತದ," ಎಂದರು. ಯಜಮಾನರು ಸಹಿ ಹಾಕಿದರು.

ಎಚ್ಚರವಾದಾಗ ಎದೆಯ ತುಂಬ ಪಟ್ಟಿ. ಅದರಡಿ ಮೊಲೆ ಇದೆಯೋ ಇಲ್ಲವೋ ನನಗೇ ತಿಳಿಯದು. ನಿಮ್ಮದೇ ದೇಹ ನಿಮಗೆ ಉತ್ತರ ಕೊಡದ ಅಂಥ ಹೊತ್ತನ್ನು ನೀವು ಕಂಡಿರಲಾರಿರಿ, ಕಾಣುವುದೂ ಬೇಡ. ಸಂಜೆ ಸರ್ಜನ್ ಬಂದರು.

"ಗಡ್ಡಿ ಅಷ್ಟೇ ತಗದೀನಿ. ಕೈ ಕ್ಯಾನ್ಸರ್ ಅಂತೇ ಹೇಳ್ತದ, ಮನಸ್ಸು ಯಾಕೋ ಒಪ್ಪವಲ್ದು. ಮುಂಬೈಗೆ ಕಳಿಸೀನಿ. ಹದಿನೈದು ದಿನ ತಡೀರಿ."

ನಾನು ಹಿಂತಿರುಗಿದ್ದು ಆಗಲೇ ನಾನಿಲ್ಲದಂತಾಗಿದ್ದ ಮನೆಗೆ. ಧಾರವಾಡದಿಂದ ಬಂದಿದ್ದ ಅತ್ತೆ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿದ್ದರು. ಆರು ವರ್ಷದ ಮಗಳು ಕನ್ನಡಿಯೆದುರು ತಾನೇ ಜಡೆ ಹೆಣೆದುಕೊಳ್ಳುತ್ತಿದ್ದಳು. "ಆಜೀನಂ ಶಿಕವಲಂ," ಎಂದಳು ಮರಾಠಿಯಲ್ಲಿ, ಅಜ್ಜಿ ಕಲಿಸಿದರಂತೆ. ನೆರೆಯವರು ಮೆಲ್ಲಗೆ ಬಂದು, ನನ್ನೆದುರೇ ನನ್ನ ಒಳ್ಳೆಯತನವನ್ನು ಭೂತಕಾಲದಲ್ಲಿ ಹೊಗಳಿ ಹೋಗುತ್ತಿದ್ದರು. ಭೂತಕಾಲವೆಂಬ ಮಾತಿನೊಳಗೆ ಭೂತವೂ ಕೂತಿದೆಯೆಂದು ನನಗೆ ಹೊಳೆದದ್ದು ಆಗಲೇ.

ಹದಿನೇಳನೆಯ ದಿನ ಕಾಗದ ಬಂತು. ಕ್ಯಾನ್ಸರಲ್ಲ, ನರದ ಹೊದಿಕೆಯಿಂದ ಹುಟ್ಟುವ, ತೀರ ಅಪರೂಪದ, ನಿರಪಾಯದ ಗಡ್ಡೆ. ಮುಟ್ಟಿದರೂ ಕೊಯ್ದರೂ ಕ್ಯಾನ್ಸರಿನಂತೆಯೇ ತೋರುವ ವೇಷಗಾರ. ಯಜಮಾನರು ಕಾಗದವನ್ನು ಎರಡು ಸಲ ಓದಿದರು. ಅತ್ತೆ ದೇವರ ಮುಂದೆ ದೀಪ ಹಚ್ಚಿದರು, ನನ್ನ ಕಣ್ಣು ಮಾತ್ರ ತಪ್ಪಿಸಿದರು.

"ನನ್ನ ಜಾಗಾಕ್ಕ ಯಾರನ್ನ ನೋಡಿದ್ರಿ?" ಎಂದೆ.

ಅವರು ಬತ್ತಿಯನ್ನು ತುಸು ಮುಂದೆ ಸರಿಸಿದರು. "ನಿನ್ನ ತಂಗೀನ್ನ. ಅಕಿ ಆದ್ರ ಕೂಸಿಗೆ ಮಲತಾಯಿ ಆಗಂಗಿಲ್ಲ ಅಂತ... ನಿಮ್ಮಪ್ಪ ಹೂಂ ಅಂತ ಬರದಾರ."

ಸಿಟ್ಟು ಬರಲಿಲ್ಲ. ಆಸ್ಪತ್ರೆಯ ಮಂಚದಲ್ಲಿ, ಪಟ್ಟಿಯ ಮೇಲೆ ಕೈಯಿಟ್ಟುಕೊಂಡು, ನಾನೂ ಅವಳನ್ನೇ ಆರಿಸಿದ್ದೆ.