ನನ್ನ ನಾಯಿ, ಅವರ ಹಿಂದೆ

ಮಲಾಡ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆಯೇ ಒಂದು ಗುಡ್ಡವಿದೆ. ಅರ್ಧದಿಂದ ಮೇಲೆ ಕಾಲುದಾರಿ ಎಷ್ಟು ಕಡಿದೆಂದರೆ ಕೈಯೂರಿಯೇ ಹತ್ತಬೇಕು. ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ನನ್ನ ಪಾಳಿ ಶುರುವಾಗುವುದು ಮಧ್ಯಾಹ್ನ. ಹಾಗಾಗಿ ಬೆಳಿಗ್ಗೆ ನಾಯಿಯೊಂದಿಗೆ ಆ ಗುಡ್ಡ ಹತ್ತುತ್ತಿದ್ದೆ. ಮರಿಯಾಗಿದ್ದಾಗ ಅದು ಹೋಟೆಲಿನ ಹಿಂಬಾಗಿಲಲ್ಲಿ ಸಿಕ್ಕಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ, ಜ್ವರ ಬಂದಾಗ ಮಡಿಲಲ್ಲಿಟ್ಟುಕೊಂಡು ಸಾಕಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನನಗಾಗಿ ಕಾಯುವ ಜೀವ ಅದೊಂದೇ.

ಕಳೆದ ಚಳಿಗಾಲದಲ್ಲಿ ಕೆಳಗಿನ ಮನೆಯ ಟೇಲರ್ ಭಾಯ್ ನಮ್ಮ ಜೊತೆ ಬರತೊಡಗಿದರು. ವಿಜಯಪುರದ ಕಡೆಯವರು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರಂತೆ. ಕನ್ನಡ ಮಾತಾಡಲು ಒಬ್ಬರು ಸಿಕ್ಕರೆಂದು ನಾನೇ ಕರೆದಿದ್ದೆ.

"ನಾಯಿ ಮುಟ್ಟಂಗಿಲ್ರಿ ಅಣ್ಣಾ. ನಮಾಜಿಗೆ ಮತ್ತ ಬಟ್ಟಿ ಬದಲ ಮಾಡಬೇಕಾಗ್ತೈತಿ," ಎಂದು ಮೊದಲ ದಿನವೇ ಹೇಳಿದರು.

ಮುಟ್ಟಲಿಲ್ಲ, ಒಂದು ಬಿಸ್ಕತ್ತೂ ಹಾಕಲಿಲ್ಲ. ಆದರೂ ವಾರ ಕಳೆಯುವುದರೊಳಗೆ ನಾಯಿ ಅವರ ಬೆನ್ನು ಹತ್ತಿತು. ಅವರು ನಿಂತರೆ ನಿಲ್ಲುವುದು, ಕೂತರೆ ಒಂದು ಮೊಳ ದೂರ ಬಿಟ್ಟು ಕೂರುವುದು. ನಾನು ಕರೆದರೆ ಕಿವಿಯಷ್ಟೇ ಆಡಿಸುತ್ತಿತ್ತು.

ನನಗೆ ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ, ಅದೂ ನಾಯಿಯ ವಿಷಯಕ್ಕೆ, ಎಂದು ನಾಚಿಕೆಯೂ ಆಯಿತು. ಆದರೂ ಒಂದು ಸಂಜೆ ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿದೆ.

"ಭಾಯ್, ಇದರ ಎಂಜಲು ತಾಗಿದ್ರೆ ನಿಮ್ಗೆ ಕಷ್ಟ ಅಲ್ವಾ? ನಾಳೆಯಿಂದ ನಾವು ಬೇಗ ಹೋಗ್ತೇವೆ. ನೀವು ಆರಾಮಲ್ಲಿ ಬನ್ನಿ ಮಾರಾಯ್ರೆ."

ಕಾಳಜಿಯ ದನಿಯಲ್ಲೇ ಅಂದೆ. ಅವರು ನನ್ನ ಮುಖವನ್ನೇ ನೋಡಿ, "ಆತ್ರಿ," ಎಂದಷ್ಟೇ ಹೇಳಿ ಇಳಿದು ಹೋದರು.

ಮರುದಿನ ನಾಯಿ ಕಡಿದು ದಾರಿಯ ನಡುವಿರುವ ದೊಡ್ಡ ಬಂಡೆಯವರೆಗೆ ಬಂದು ಕೂತುಬಿಟ್ಟಿತು. ಎಳೆದೆ, ಬೈದೆ. ತಲೆ ಹಿಂದಕ್ಕೆ ಜಗ್ಗಿ, ಕೊರಳ ಬೆಲ್ಟಿನಿಂದ ನುಣುಚಿಕೊಂಡು ಕೆಳಗೆ ಓಡಿತು. ಖಾಲಿ ಚೈನು ಹಿಡಿದುಕೊಂಡು ನಾನು ಕೂತಲ್ಲೇ ಜಾರುತ್ತಾ ಇಳಿದೆ. ರಸ್ತೆಯಲ್ಲಿ ಬರೀ ರಿಕ್ಷಾ, ಬಸ್ಸು. ಎಲ್ಲಾದರೂ ಗಾಲಿಗೆ ಸಿಕ್ಕಿತೋ ಎಂದು ನಿಂತ ರಿಕ್ಷಾಗಳ ಕೆಳಗೆಲ್ಲ ಬಗ್ಗಿ ನೋಡಿದೆ. ಕೊನೆಗೆ ಬಿಲ್ಡಿಂಗಿಗೆ ಬಂದರೆ ಅದು ಭಾಯ್ ಮನೆಯ ಬಾಗಿಲೆದುರು ಮಲಗಿತ್ತು. ಅವರು ಹೊಸ್ತಿಲೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಾ ಒಳಗ ಹ್ವಾದ್ರ ಎದ್ದು ಎಲ್ಲಿಗರ ಹೋದೀತಂತ ಇಲ್ಲೇ ಕುಂತೀನ್ರಿ ಅಣ್ಣಾ."

ನನಗೆ ತಡೆಯಲಾಗಲಿಲ್ಲ. "ಎಂಜಲಿನ ಮಾತು ಸುಳ್ಳು ಭಾಯ್. ಇದು ನಿಮ್ಮ ಹಿಂದೆ ಬರೋದನ್ನ ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ."

"ಗೊತ್ತೈತ್ರಿ," ಎಂದು ನಕ್ಕರು. "ನೀವು ಗುಡ್ಡದಾಗ ನಿಂತಲ್ಲಿ ಕುಂತಲ್ಲಿ ಫೋನ್ ನೋಡ್ತೀರಿ. ನಾ ಅದರ ಜೋಡಿ ಮಾತಾಡ್ತೀನಿ. ಅಷ್ಟ."

ಈಗ ಮತ್ತೆ ಮೂವರೂ ಹೋಗುತ್ತೇವೆ. ಫೋನನ್ನು ಮನೆಯಲ್ಲೇ ಬಿಟ್ಟು ನಾನೂ ನಾಯಿಯೊಡನೆ ಮಾತಾಡಲು ನೋಡುತ್ತೇನೆ. ಮೊದಲ ತಿರುವಿಗೇ ನನ್ನ ಮಾತು ಮುಗಿಯುತ್ತದೆ. ಭಾಯ್ ಮಾತ್ರ ಗಿರಾಕಿಗಳ ತಕರಾರನ್ನೆಲ್ಲ ತಮ್ಮ ಮನೆಮಾತು ದಖ್ನಿಯಲ್ಲಿ ಅದಕ್ಕೆ ಹೇಳುತ್ತಾ ಹತ್ತುತ್ತಾರೆ. ಮೊನ್ನೆ ಅದು ಬಂಡೆಯ ಮೇಲೆ ನಿಂತು, ನಾನು ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡಿತು. ಅಷ್ಟಕ್ಕೇ ನಾನು ಗೆದ್ದವನಂತೆ ಭಾಯ್ ಕಡೆ ನೋಡಿದೆ.